ಮೈಕಣ್ಣನ ಗಂಟಲು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರುದಾರರು ಬಾಯಿ ತೆರೆಯಲಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟೈಪ್ ಮಾಡಿದರು. ಮಾತಾಡಿದ್ದು ಲ್ಯಾಪ್‌ಟಾಪು.

"ನನ್ನ ದನೀನ ಯಾರೋ ಕೊಲ್ತಿದಾರೆ. ದೂರು ಬರ್ಕೊಳ್ಳಿ."

ಇನ್ಸ್‌ಪೆಕ್ಟರ್‌ಗೆ ಮೈ ಜುಮ್ಮೆಂದಿತು. ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತು ವರ್ಷ ಬಸ್ಸುಗಳನ್ನು ಕೂಗಿದ ಆ ದನಿ ಊರಿಗೆಲ್ಲ ಪರಿಚಿತ. ಅದಕ್ಕೇ ಅವರಿಗೆ ಮೈಕಣ್ಣ ಎಂಬ ಹೆಸರು ಅಂಟಿಕೊಂಡಿತ್ತು. ಗಂಟಲಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅದಕ್ಕೆ ಮೊದಲು ವಾರಗಟ್ಟಲೆ ಕುಳಿತು ಓದಿ ಅವರು ತಮ್ಮ ದನಿಯನ್ನು ಕಂಪ್ಯೂಟರಿಗೆ ತುಂಬಿಸಿಟ್ಟಿದ್ದರು. ಈಗ ಬೆರಳು ಹೊಡೆದದ್ದನ್ನು ಯಂತ್ರ ಅದೇ ದನಿಯಲ್ಲಿ ಹೇಳುತ್ತಿತ್ತು.

ಮುಂದಿನ ವಾಕ್ಯದ ನಡುವೆ ದನಿ ಸಿಕ್ಕಿಕೊಂಡಿತು. "ಆ" ಎಂಬ ಒಂದೇ ಸ್ವರ, ಉಸಿರು ಕಟ್ಟಿದವರ ನರಳಿಕೆಯಂತೆ, ನಿಲ್ಲದೆ ಎಳೆದುಕೊಂಡು ಹೋಯಿತು. ಪರದೆ ನೀಲಿಯಾಗಿ ಆರಿಹೋಯಿತು. ಲಾಕಪ್ಪಿನಲ್ಲಿದ್ದ ಜೇಬುಗಳ್ಳ ಕೂಡ ಎದ್ದು ನಿಂತ.

ಜೊತೆಯಲ್ಲಿ ಮಗಳಿದ್ದಳು, ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಸಹಾಯಕಿ. ಯಂತ್ರ ಎಂದ ಮೇಲೆ ಕೆಡುತ್ತದೆ, ದೂರು ಬೇಡವೆಂದರೂ ಅಪ್ಪ ಕೇಳಲಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಇನ್ಸ್‌ಪೆಕ್ಟರ್‌ಗೂ ಹಾಗೇ ಅನ್ನಿಸಿತ್ತು. ಕೆಟ್ಟ ಕಂಪ್ಯೂಟರಿಗೆ ಎಫ್‌ಐಆರ್ ಹಾಕಿದರೆ ಮೇಲಿನವರು ನಗುತ್ತಾರೆ. ಆದರೆ ಮೈಕಣ್ಣ ಚೀಟಿಯಲ್ಲಿ ಬರೆದು ಮುಂದೆ ತಳ್ಳಿದರು. ದನಿಗೆ ಇನ್ನೊಂದು ಪ್ರತಿ ಇಲ್ಲ; ತಮ್ಮ ದನಿ ಬೇರೆಯವರ ಕೈಗೆ ಸಿಗಬಾರದೆಂದು ತಾವೇ ಮಾಡಿಸಿರಲಿಲ್ಲ. ಇದು ಹೋದರೆ ಸಾಯುವ ತನಕ ಮೂಗ. ಅದನ್ನು ಓದಿದ ಮೇಲೆ ಇನ್ಸ್‌ಪೆಕ್ಟರ್‌ಗೆ ಅವರನ್ನು ಸಾಗಹಾಕಲು ಮನಸ್ಸು ಬರಲಿಲ್ಲ. ಲ್ಯಾಪ್‌ಟಾಪ್ ಸೈಬರ್ ವಿಭಾಗದ ಮಹಿಳಾ ಎಸ್‌ಐ ಮೇಜಿಗೆ ಹೋಯಿತು.

ಎಸ್‌ಐ ಮೊದಲು ಬಿಸಿ ನೋಡಿದಳು, ಫ್ಯಾನ್ ನೋಡಿದಳು, ರ್‍ಯಾಮ್ ಬದಲಾಯಿಸಿದಳು. ಏನು ಮಾಡಿದರೂ ದನಿಯ ಫೈಲುಗಳನ್ನು ಮುಟ್ಟಿದೊಡನೆ ಯಂತ್ರ ಕುಸಿಯುತ್ತಿತ್ತು. ಫೈಲುಗಳಿರುವ ಡ್ರೈವ್, ಅಂದರೆ ಎಸ್‌ಎಸ್‌ಡಿ, ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದಾಗ ಓದಲು ಸಿಕ್ಕಷ್ಟು ಚೂರುಗಳು ಕೋಣೆಯಲ್ಲಿ ಕೇಳಿಸತೊಡಗಿದವು. ಅರ್ಧ ಊರಿನ ಹೆಸರು, ಒಂದು ಕೆಮ್ಮು, ಯಾರನ್ನೋ ಗದರಿಸುವ ತುಣುಕು. ಕಾನ್‌ಸ್ಟೇಬಲ್ ಬಾಗಿಲ ಹತ್ತಿರಕ್ಕೆ ಸರಿದು ನಿಂತ.

"ಸಾಯ್ತಿರೋದು ಎಸ್‌ಎಸ್‌ಡಿ ಸರ್," ಎಂದಳು ಎಸ್‌ಐ. "ದಿನಾ ಸ್ವಲ್ಪ ಸ್ವಲ್ಪ ಜಾಗ ಓದೋಕಾಗದ ಹಾಗೆ ಆಗ್ತಿದೆ."

"ಹಳೇದಾ?"

"ಅದೇ ವಿಚಿತ್ರ. ಲ್ಯಾಪ್‌ಟಾಪ್ ಕೊಂಡು ಎರಡು ವರ್ಷ. ಇದು ಆರು ವರ್ಷದಷ್ಟು ಓಡಿದೆ ಅಂತ ಇದರದ್ದೇ ಮೀಟರ್ ತೋರಿಸ್ತಿದೆ. ಯಾರೋ ಒಳ್ಳೇ ಡ್ರೈವಲ್ಲಿದ್ದದ್ದನ್ನೆಲ್ಲ ಇದಕ್ಕೆ ನಕಲು ಮಾಡಿ, ಅದನ್ನ ತೆಗೆದು, ಈ ಸಾಯೋದನ್ನ ಹಾಕಿದಾರೆ."

ಅಂದು ಮಧ್ಯಾಹ್ನವೇ ಎಫ್‌ಐಆರ್ ದಾಖಲಾಯಿತು.

ಡ್ರೈವಿನ ಸೀರಿಯಲ್ ನಂಬರ್ ಹಿಡಿದು ಕೇಳಿದಾಗ ತಯಾರಕರಿಂದ ಬುಧವಾರ ಉತ್ತರ ಬಂತು. ಮಾರಿದ್ದು ಒಂದು ಕಾಲೇಜಿನ ಲ್ಯಾಬಿಗೆ. ಲ್ಯಾಬಿನವರು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಡ್ರೈವ್ ಬಿಚ್ಚಿ, ಪರೀಕ್ಷಿಸಿ, ಅದರಲ್ಲಿದ್ದ ಮಾಹಿತಿಯನ್ನೆಲ್ಲ ಒರೆಸಿ ಇಡುತ್ತಿದ್ದರು. ಆ ಕೆಲಸ ಮೈಕಣ್ಣನ ಮಗಳದು. ಅಭ್ಯಾಸಬಲದಿಂದ ಅವಳು ಇದನ್ನೂ ಚೊಕ್ಕಟವಾಗಿ ಒರೆಸಿದ್ದಳು. ಆದರೆ ಎಷ್ಟು ಒರೆಸಿದರೂ ಡ್ರೈವಿನ ಮೀಟರು ಹಿಂದಕ್ಕೆ ತಿರುಗುವುದಿಲ್ಲ ಎನ್ನುವುದು ಅವಳ ತಲೆಗೆ ಹೊಳೆದಿರಲಿಲ್ಲ.

ಕರೆಸಿದಾಗ ಅವಳು ಸುತ್ತಿ ಬಳಸಲಿಲ್ಲ.

"ಒಳ್ಳೇ ಡ್ರೈವ್ ಎಲ್ಲಿ?"

"ನನ್ನ ಬೀರುವಲ್ಲಿ."

"ಒಡೆದು ಹಾಕಬಹುದಿತ್ತಲ್ಲ?"

"ಮನಸ್ಸಾಗ್ಲಿಲ್ಲ ಸರ್. ಅಪ್ಪನ ದನಿ ಅಲ್ವಾ."

"ಮತ್ತೆ ಯಾಕಮ್ಮ ಮಾಡಿದೆ?"

"ಊರಲ್ಲಿ ಆ ದನಿ ಬಸ್ ಕೂಗ್ತಿತ್ತು. ಮನೇಲಿ ಅಮ್ಮನ ಮೇಲೆ ಕೂಗ್ತಿತ್ತು. ಲೋಟ ಸದ್ದಾದ್ರೂ ಕೂಗು. ಆಪರೇಷನ್ ಆದ್ಮೇಲೆ ಸ್ವಲ್ಪ ದಿನ ಮನೆ ತಣ್ಣಗಿತ್ತು. ಒಂದಿನ ಅಡಿಗೆಮನೇಲಿ ಹಾಡು ಕೇಳಿಸ್ತು, ರೇಡಿಯೋ ಅಂದ್ಕೊಂಡೆ. ಹೋಗಿ ನೋಡಿದ್ರೆ ಅಮ್ಮ. ಅಮ್ಮ ಹಾಡ್ತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಸರ್. ಆಮೇಲೆ ಲ್ಯಾಪ್‌ಟಾಪ್ ಮಾತಾಡೋಕೆ ಶುರು ಮಾಡ್ತು. ಅದಕ್ಕೆ ಗಂಟಲು ನೋಯಲ್ಲ, ಸುಸ್ತೂ ಆಗಲ್ಲ. ಹಾಡು ನಿಂತ್ಹೋಯ್ತು." ತಾನಾಗಿಯೇ ಕೆಟ್ಟಿತು ಎಂದು ತಿಳಿದು ಅಪ್ಪ ಸುಮ್ಮನಾಗಲಿ ಎಂದುಕೊಂಡಿದ್ದೆ ಎಂದು ಕೊನೆಗೆ ಸೇರಿಸಿದಳು.

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದ್ದ. ಆದರೂ ಕಾನೂನಿನ ಕೆಲಸ ಕಾನೂನಿನಂತೆ ನಡೆಯಿತು. ಪಂಚರ ಮುಂದೆ ಬೀರು ತೆಗೆಸಿ, ಪಂಚನಾಮೆ ಮಾಡಿ, ಡ್ರೈವಿಗೆ ಮೊಹರು ಹಾಕಿದರು. ಸಂಜೆ ಮಗಳ ಬಂಧನವಾಯಿತು.

ಮರುದಿನವೇ ಮೈಕಣ್ಣ ಬಂದು ದನಿ ಕೊಡಿ ಎಂದು ಚೀಟಿ ಬರೆದರು. ಮಗಳ ಸುದ್ದಿ ಎತ್ತಲಿಲ್ಲ. ವಶಪಡಿಸಿಕೊಂಡ ಮಾಲು ನ್ಯಾಯಾಲಯದ ಆದೇಶವಿಲ್ಲದೆ ಕೊಡಲಾಗದು, ತಿಂಗಳುಗಟ್ಟಲೆ ಹಿಡಿಯಬಹುದು ಎಂದು ಇನ್ಸ್‌ಪೆಕ್ಟರ್ ತಿಳಿಸಿ ಹೇಳಿದರು. ಹೇಳುವಾಗ ಅವರಿಗೆ ಬೇಸರವೇನೂ ಆಗಲಿಲ್ಲ, ಅದು ಅವರಿಗೇ ಆಶ್ಚರ್ಯ.

ಮಗಳಿಗೆ ಜಾಮೀನು ಸಿಕ್ಕಿತು, ಅಪ್ಪನ ಮನೆಗೆ ಕಾಲಿಡಕೂಡದೆಂಬ ಷರತ್ತಿನ ಮೇಲೆ. ಆ ವಾರವೇ ತಾಯಿಯ ಹೇಳಿಕೆ ಪಡೆಯಲು ಇನ್ಸ್‌ಪೆಕ್ಟರ್ ಮನೆಗೆ ಹೋದರು. ಕಿಟಕಿ ತೆರೆದಿತ್ತು. ಮೈಕಣ್ಣ ಕುರ್ಚಿಯಲ್ಲಿ ಕುಳಿತು ಅಡಿಗೆಮನೆಯ ಕಡೆ ಮುಖ ಮಾಡಿದ್ದರು. ಕತ್ತಿನ ನರ ಉಬ್ಬಿ, ಮುಖ ಕೆಂಪೇರಿ, ಬಾಯಿ ಅಗಲವಾಗಿ ತೆರೆದು ಮುಚ್ಚಿ ತೆರೆಯುತ್ತಿತ್ತು. ಸದ್ದೇ ಇರಲಿಲ್ಲ. ಒಳಗಿನಿಂದ ಹೆಂಗಸೊಬ್ಬಳ ಹಾಡು ಬರುತ್ತಿತ್ತು, ಸಣ್ಣಗೆ, ಅಲ್ಲಲ್ಲಿ ಶ್ರುತಿ ತಪ್ಪಿ.

ಇನ್ಸ್‌ಪೆಕ್ಟರ್ ಬೆಲ್ಲಿನ ಮೇಲಿಟ್ಟ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಹಾಡು ಮುಗಿಯುವ ತನಕ ಮೆಟ್ಟಿಲ ಮೇಲೆ ಕುಳಿತರು.