ನೆಲದಡಿಯ ನಿಲ್ದಾಣಕ್ಕೆ ಹೋದ ಮಾಳಪ್ಪ

೨೦೦೫ರ ಮಾರ್ಚ್ ೧೪, ಸೋಮವಾರ, ಬೆಳಿಗ್ಗೆ ೯.೧೦. ಕರಜಗಿಯ ಇಂದುಬಾಯಿ ಮಹಾರಾಷ್ಟ್ರದ ಜತ್ತ ಠಾಣೆಗೆ ಬಂದು, ಗಂಡ ಬಸಗೊಂಡ ಗುರುವಾರದಿಂದ ಮನೆಗೆ ಬಂದಿಲ್ಲವೆಂದು ದೂರು ಕೊಟ್ಟಳು. ಬಸಗೊಂಡ ಮುಕಾದಮ, ಬಾವಿ ತೋಡುವವರನ್ನು ಕೂಡಿಸಿ ದೂರದ ಶಹರಗಳ ಕೆಲಸಕ್ಕೆ ಒಯ್ಯುವವನು. ಬಾಲಗಾಂವದ ಹೊಸ ಬಾವಿ ನೋಡಲು ಹೋದವನು ತಿರುಗಿ ಬಂದಿರಲಿಲ್ಲ.

ಇನ್‌ಸ್ಪೆಕ್ಟರ್ ಅಮಜದ ಮುಲ್ಲಾ, ಹವಾಲ್ದಾರ ಶ್ರೀಶೈಲಪ್ಪನೊಡನೆ ೧೧.೩೦ಕ್ಕೆ ಅಲ್ಲಿ ಮುಟ್ಟಿದರು. ಊರಿನಿಂದ ದೂರದ ಹೊಲದಲ್ಲಿ, ನೀರು ಕಾಣದ ನಲವತ್ತಡಿ ಬಾವಿ. ಶಿವರಾತ್ರಿಗೆ ಹೋದ ಆಳುಗಳು ಇನ್ನೂ ಮರಳಿರಲಿಲ್ಲ. ತಳದಲ್ಲಿ ಬಸಗೊಂಡನ ಹೆಣ. ಕಾಲು ಜಾರಿ ಬಿದ್ದಿದ್ದಾನೆ ಎಂದು ಹವಾಲ್ದಾರ ನಿಂತಲ್ಲೇ ಪ್ರಕರಣ ಮುಗಿಸಿಬಿಟ್ಟ. ಪಾಪ, ಊಟದ ಹೊತ್ತು ಹತ್ತಿರ ಬಂದಿತ್ತು.

ಅಮಜದ ಒಪ್ಪಲಿಲ್ಲ. ಪಂಚನಾಮೆಯಲ್ಲಿ ಬರೆಸಿದರು: ಕೈಕಾಲು ಮುರಿದಿಲ್ಲ, ಉಗುರು ಕಿತ್ತುಹೋಗಿವೆ, ಗೋಡೆಯ ಮೇಲೆ ಆಳೆತ್ತರಕ್ಕೆ ಗೀಚಿದ ಗುರುತುಗಳಿವೆ. ಅಂದರೆ ಬಿದ್ದವನಲ್ಲ, ಇಳಿದವನು. ಇಳಿಸಿದ ಹಗ್ಗ ದಂಡೆಯ ಮೇಲೆ ಸುರುಳಿಯಾಗಿ ಕೂತಿತ್ತು, ಮೇಲೆ ಗೋಣಿಚೀಲ ಹೊದಿಸಿತ್ತು. ಬೇರೆ ಯಾರಾದರೂ ಅದನ್ನು ಎಸೆದು ಓಡುತ್ತಿದ್ದರು. ಬಿಸಿಲಿಗೆ ನಾರು ಒಣಗಿ ಕಡಿದುಹೋದರೆ ಕೆಳಗಿಳಿದವನ ಜೀವ ಹೋಗುತ್ತದೆಂದು ಬಲ್ಲ ಕೈ ಮಾತ್ರ ಹಾಗೆ ಹೊದಿಸುತ್ತದೆ. ಆ ಕೈಗೆ ರೂಢಿ ಬಿಡಲಾಗಿರಲಿಲ್ಲ.

"ಈ ಊರಾಗ ಹಗ್ಗ ಹಿಡಿಯೋರು ಯಾರು?"

"ಕಾಳವ್ವ ಒಬ್ಬಾಕಿರಿ. ಗಂಡ ಮಾಳಪ್ಪ ಇಳೀತಿದ್ದ, ಈಕಿ ಮ್ಯಾಲ ಹಿಡೀತಿದ್ಲು," ಎಂದ ಶ್ರೀಶೈಲಪ್ಪ.

ಉಳಿದದ್ದನ್ನು ಪಂಚರು ಹೇಳಿದರು. ೨೦೦೦ದಲ್ಲಿ ಬಸಗೊಂಡ ಮಾಳಪ್ಪನನ್ನು ನೆಲದಡಿಯ ರೈಲು ನಿಲ್ದಾಣ ತೋಡಲು ಕರೆದೊಯ್ದಿದ್ದ. ಮರುವರ್ಷ ಒಬ್ಬನೇ ಬಂದು, ಮಾಳಪ್ಪ ಯಾವಳೋ ಒಬ್ಬಳ ಜೊತೆ ಓಡಿಹೋದ ಎಂದ. ಊರು ನಂಬಿತು. ನಂಬಿದ್ದು ಸಾಲದೆಂದು ನಾಲ್ಕು ವರ್ಷ ಕಾಳವ್ವನ ಬೆನ್ನ ಹಿಂದೆ ನಕ್ಕಿತು.

ಮಧ್ಯಾಹ್ನ ೨.೧೫. ಕಾಳವ್ವ ಮನೆಯ ಕಟ್ಟೆಯ ಮೇಲೆಯೇ ಕೂತಿದ್ದಳು.

"ಬಸಗೊಂಡನ್ನ ಇಳಿಸಿದಾಕಿ ನೀನ ಏನಬೇ?"

"ಹೌದ್ರಿ."

"ಹಗ್ಗ ಎಳಕೊಂಡಾಕಿ?"

"ನಾನ."

ಗಂಡನನ್ನು ಹುಡುಕುತ್ತ ಅವಳು ಜನವರಿಯಲ್ಲಿ ಆ ಶಹರಕ್ಕೆ ಹೋಗಿದ್ದಳು. ನಿಲ್ದಾಣ ಆಗಷ್ಟೇ ತೆರೆದಿತ್ತು. ಅದು ಬೆಳೆದು ಬಂದ ಬಗೆಯನ್ನು ಗೋಡೆಯ ಮೇಲೆ ಫೋಟೊಗಳಲ್ಲಿ ತೋರಿಸಿದ್ದರು: ೧೯೯೮ರಲ್ಲಿ ಹಣ್ಣಿನ ಪೇಟೆ ಒಡೆದದ್ದು, ಚೌಕ ಅಗೆದದ್ದು, ೨೦೦೧ರಲ್ಲಿ ಅರವತ್ತಡಿ ತಗ್ಗು, ಆಮೇಲೆ ಸಿಮೆಂಟು, ಹಳಿ, ದೀಪ. ತಗ್ಗಿನ ಫೋಟೊದಲ್ಲಿ ಮಾಳಪ್ಪ ಹಾರೆ ಹಿಡಿದು ನಿಂತಿದ್ದ. ಮುಂದಿನದರಲ್ಲಿ ಅದೇ ಮೂಲೆ, ಅದೇ ಆಳುಗಳು, ಅವನೊಬ್ಬನೇ ಇರಲಿಲ್ಲ. ಅವಳ ಸುತ್ತ ಜನ ರೈಲಿಗೆ ಕಾಯುತ್ತ ನಿಂತಿದ್ದರು.

ಊರಿಗೆ ಬಂದು ತಾಳ್ಮೆಯಿಂದ ಕಾದಳು. ಬಾವಿಯಲ್ಲಿ ಬಂಡೆ ಬಂದಿದೆ, ಅಳೆದು ಹೋಗಿ ಎಂದು ಗುರುವಾರ ಮುಕಾದಮನನ್ನು ಕರೆಸಿದಳು. ಅವನು ಇಳಿದ ಮೇಲೆ ಹಗ್ಗ ಎಳೆದುಕೊಂಡು, ನನ್ನ ಗಂಡನೆಲ್ಲಿ ಎಂದು ಮೇಲಿನಿಂದ ಕೇಳಿದಳು.

ಅಮಜದ ತಡೆದು ಕೇಳಿದರು. "ನಿಜ ಹೇಳಿದ್ನೇನು?"

"ಹೇಳಿದ್ರಿ. ಮಣ್ಣು ಕುಸೀತಂತ. ಒಳಗ ಜೀವಂತ ಇದ್ನಂತ ನನ್ನ ಗಂಡ. ಮಣ್ಣು ತಗದ್ರ ಕೆಲಸ ನಿಲ್ತಿತ್ತು, ಸಿಮೆಂಟಿನ ಲಾರಿ ಬಂದು ನಿಂತಿದ್ವು. ಅದಕ್ಕ ಯಾರನ್ನೂ ತಗಿಯಾಕ ಬಿಡಲಿಲ್ಲಂತ. ಸಂಜಿತನಾ ಕೂಗ್ಯಾನ್ರಿ ನನ್ನ ಗಂಡ."

"ಹೇಳಿದ ಮ್ಯಾಲರ ಹಗ್ಗ ಬಿಡಬೇಕಿತ್ತು, ಯವ್ವಾ."

"ಕೆಳಗ ಮನಶ್ಯಾ ಇದ್ದಾಗ ಹಗ್ಗ ಹಿಡಿದಾಕಿ ದಂಡಿ ಬಿಟ್ಟು ಹೋಗಬಾರದ್ರಿ. ನಾ ಹೋಗಲಿಲ್ಲ. ಅವನ ದನಿ ನಿಂದ್ರೂತನಾ ಮೂರು ದಿನಾ ಅಲ್ಲೇ ಕುಂತಿದ್ದೆ."

ಅಮಜದ ಅವಳನ್ನು ಚಾವಡಿಗೆ ಕರೆತರಲು ಹವಾಲ್ದಾರನಿಗೆ ಹೇಳಿದರು. ಏನಿದ್ದರೂ ಕೊಲೆ ಕೊಲೆಯೇ.

ಸಂಜೆ ೪.೪೦ಕ್ಕೆ ಚಾವಡಿಯಲ್ಲಿ ಅವಳ ಹೇಳಿಕೆಯನ್ನು ಮರಾಠಿಯಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತುವ ಮೊದಲು ಕನ್ನಡದಲ್ಲಿ ಓದಿ ಹೇಳಿದರು. ಅರ್ಧ ಊರು ಬಾಗಿಲಲ್ಲಿ ನೆರೆದಿತ್ತು. "ಮಾಳಪ್ಪ ಓಡಿಹೋಗಿಲ್ಲ. ಕೆಲಸದ ಮೇಲೆ ಮಣ್ಣಿನಡಿ ಸತ್ತಿದ್ದಾನೆ" ಎಂಬ ಸಾಲಿಗೆ ಕಾಳವ್ವ ಕೈಯೆತ್ತಿ ತಡೆದಳು.

"ಅದನ್ನ ಇನ್ನೊಮ್ಮಿ ಓದ್ರಿ, ಸಾಹೇಬ್ರ. ಇವರಿಗೆಲ್ಲಾ ಕೇಳೂಹಂಗ."

ಅಮಜದ ಎದ್ದು ನಿಂತು, ಜನರ ಕಡೆ ತಿರುಗಿ ಓದಿದರು. ಯಾರೂ ನಗಲಿಲ್ಲ. ಕಾಳವ್ವ ಹೆಬ್ಬೆಟ್ಟು ಒತ್ತಿ, ತಾನಾಗಿಯೇ ಹೋಗಿ ಜೀಪಿನಲ್ಲಿ ಕೂತಳು.