ಬಿಸಿಯಲ್ಲಿ ಅಳೆಯಬಾರದು

"ರಿಜೆಕ್ಟ್!"

ಸುಕೃತಿ ಬ್ರಷ್ಷನ್ನು ಕೆಂಪು ಬಣ್ಣದ ಡಬ್ಬಿಗೆ ಅದ್ದಿ, ಟ್ರೇಯಲ್ಲಿದ್ದ ನಲವತ್ತು ಪಿನ್ನುಗಳಿಗೂ ಒಂದೊಂದು ಚುಕ್ಕಿ ಇಡತೊಡಗಿದಳು. ಹಸಿರು ಚುಕ್ಕಿ ಬಿದ್ದ ಮಾಲು ಗಿರಾಕಿಗೆ, ಕೆಂಪು ಬಿದ್ದದ್ದು ಗುಜರಿಗೆ.

"ಏ ಏ... ತಡೀರಿ ಮೇಡಂ, ತಡೀರಿ!"

ಪೀಣ್ಯದ ಗೋಪಾಲಪ್ಪನವರ ವರ್ಕ್‌ಶಾಪಿನಲ್ಲಿ ಇನ್ಸ್‌ಪೆಕ್ಷನ್ ಮೇಡಂ ಕೈ ತಡೆಯುವ ಧೈರ್ಯ ಅದುವರೆಗೆ ಯಾರೂ ಮಾಡಿರಲಿಲ್ಲ. ಈ ಹೊಸಬ ಮಾಡಿದ! ಹಿಡಿದದ್ದು ಕೈಯನ್ನಲ್ಲ, ಬ್ರಷ್ಷನ್ನು. ಆದರೂ ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಒಂದೊಂದೂ ಅಳದು ಇಟ್ಟೇನ್ರಿ ನಾ. ಬರೋಬ್ಬರಿ ಇದ್ದವು!"

"ಯಾವಾಗ ಅಳ್ದಿದ್ದು?"

"ಮಷೀನಿಂದ ತಗದ ಕೂಡ್ಲೇ."

"ಅಲ್ಲೇ ಎಡವಟ್ಟಾಗಿರೋದು. ಬಿಸಿ ಇದ್ದಾಗ ಕಬ್ಬಿಣ ಉಬ್ಬಿರುತ್ತೆ ಕಣ್ರೀ, ತಣ್ಣಗಾದ್ಮೇಲೆ ಕುಗ್ಗುತ್ತೆ. ಬಿಸಿಯಲ್ಲಿ ಅಳೀಬಾರ್ದು!"

ಅವನು ಮೈಕ್ರೋಮೀಟರ್ ತೆಗೆದುಕೊಂಡು ಒಂದು ಪಿನ್ನು ಅಳೆದ. ಇನ್ನೊಂದು ಅಳೆದ. ಮತ್ತೂ ಒಂದು... ಎಲ್ಲವೂ ಕಡಿಮೆ.

ಈಗ ಕೂಗಾಡುತ್ತಾನೆ ಎಂದುಕೊಂಡಳು ಸುಕೃತಿ. ಗಂಡಸರ ತಪ್ಪು ತೋರಿಸಿದಾಗ ಏನಾಗುತ್ತದೆಂಬುದು ನಾಲ್ಕು ವರ್ಷದ ನೌಕರಿಯಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನು ಬ್ರಷ್ಷನ್ನು ಮೆಲ್ಲಗೆ ಅವಳ ಕೈಗೇ ವಾಪಸ್ ಕೊಟ್ಟ.

"ನೀವು ಹೇಳಿದ್ದು ಖರೇ ಐತ್ರಿ." ಆಮೇಲೆ ನಕ್ಕ. "ಆದ್ರ ಈ ಕೆಂಪು ಮಾತ್ರ ಮರಿಯಂಗಿಲ್ಲ ಮೇಡಂ. ನನಗೂ ಒಂದ್ ದಿನಾ ಬರತೈತಿ!"

ಅಬ್ಬಾ, ಎಷ್ಟು ಕೊಬ್ಬು! ಎಂದುಕೊಂಡಳು. ಎಂದುಕೊಂಡು, ಅಟೆಂಡೆನ್ಸ್ ಪುಸ್ತಕದಲ್ಲಿ ಅವನ ಹೆಸರು ಹುಡುಕಿದಳು. ಬಸಲಿಂಗ. ಬಾಗಲಕೋಟೆ ಕಡೆಯವನು, ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದವನು, ಕಬ್ಬಿಣ ಕಡೆಯುವ ಲೇಥಿಗೆ ಹೊಸಬ.

ಹೆಸರು ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಅವಳನ್ನೇ ಕೇಳಿ, ನನಗೇನು ಗೊತ್ತು!

*

ಇತ್ತ ಸುಕೃತಿಯ ಮನೆಯಲ್ಲಿ ಒಂದು ಹಳೇ ಸ್ಕೂಟರ್ ಇತ್ತು. ಪುಟ್ಟದು, ತಿಳಿನೀಲಿ ಬಣ್ಣದ್ದು. ಅದು ಅಮ್ಮನದು.

ಅಮ್ಮ ಸುಮಂಗಲಾ ಸರ್ಕಾರಿ ವಾಚ್ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವರ್ಷಾನುಗಟ್ಟಲೆ ವಾಚು ಜೋಡಿಸಿದವಳು. ಮೊದಲ ಬೋನಸ್ಸಿನಲ್ಲಿ ಕೊಂಡ ಗಾಡಿ ಅದು. ಮುಂದೆ ಮಗಳನ್ನು ನಿಲ್ಲಿಸಿಕೊಂಡು, ಲಗ್ಗೆರೆಯ ಏರನ್ನು ದಿನಾ ಹತ್ತುತ್ತಿದ್ದಳು. ಈಗ ಅವಳ ಮಂಡಿ ಸೋತಿತ್ತು. ಮಗಳು ಓಡಿಸಬೇಕು, ಅಮ್ಮ ಹಿಂದೆ ಕೂರಬೇಕು. ಇಬ್ಬರನ್ನೂ ಹೊತ್ತು ಏರು ಹತ್ತಲು ಗಾಡಿಗೆ ಆಗುತ್ತಿರಲಿಲ್ಲ. ಪಾಪಯ್ಯನ ಹಿಟ್ಟಿನ ಗಿರಣಿಯ ಮುಂದೆ ಬಂದು ಗೊರ್... ಎಂದು ನಿಂತುಬಿಡುತ್ತಿತ್ತು.

"ನೀನು ಹೋಗು, ನಾನು ನಡ್ಕೊಂಡ್ ಬರ್ತೀನಿ" ಎಂದು ಅಮ್ಮ ಇಳಿಯುತ್ತಿದ್ದಳು.

"ಏನ್ ಸುಮಂಗಲಮ್ಮ, ಇವತ್ತೂ ಇಳಿದ್ರಾ?" ಎಂದು ಪಾಪಯ್ಯ ನಗುತ್ತಿದ್ದ. ಕೆಟ್ಟವನಲ್ಲ, ಆದರೆ ಬಾಯಿ ಸುಮ್ಮನಿರದು.

ಕ್ರಮೇಣ ಅಮ್ಮ ಹೊರಗೆ ಹೋಗುವುದನ್ನೇ ಬಿಟ್ಟಳು. ಪ್ರತಿ ಶನಿವಾರ ಜಾಲಹಳ್ಳಿಯಲ್ಲಿ ಲಕ್ಷ್ಮಮ್ಮನ ಮನೆಯಲ್ಲಿ ಹಳೇ ಫ್ಯಾಕ್ಟರಿ ಗೆಳತಿಯರೆಲ್ಲ ಸೇರುತ್ತಿದ್ದರು. "ತಲೆನೋವು ಕಣೇ", "ಬಿಸಿಲು ಜಾಸ್ತಿ ಕಣೇ"... ವಾರಕ್ಕೊಂದು ನೆಪ. ಆಟೋ ಮಾಡುತ್ತೇನೆಂದರೆ, "ನನ್ನ ಗಾಡಿ ಇರುವಾಗ ಆಟೋ ಯಾಕೆ?" ಎನ್ನುವ ಹಟ ಬೇರೆ. ಶನಿವಾರವೆಲ್ಲ ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಿದ್ದಳು.

ಹೇಗಾದರೂ ಮಾಡಿ ಆ ಗಾಡಿಯನ್ನು ಏರು ಹತ್ತಿಸಲೇಬೇಕು... ಅಮ್ಮ ಹಿಂದೆ ಕೂತಿರುವಾಗಲೇ!

ಭಾನುವಾರಗಳಂದು ಮನೆ ಮುಂದೆ ಗೋಣಿಚೀಲ ಹಾಸಿ, ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕೂತಳು. ಪ್ಲಗ್ ಬದಲಿಸಿದಳು. ಫಿಲ್ಟರ್ ಬದಲಿಸಿದಳು. ಕಾರ್ಬ್ಯುರೇಟರ್ ಬಿಚ್ಚಿ, ಅಮ್ಮನ ಹಳೇ ವಾಚ್ ಬ್ರಷ್ಷಿನಿಂದ ಉಜ್ಜಿದಳು. ಗಾಡಿಯ ಸದ್ದು ಸಕ್ಕತ್ತಾಯಿತು. ಆದರೆ ಗಿರಣಿ ದಾಟಲಿಲ್ಲ.

ಟೀ ಬಿಡುವಿನಲ್ಲಿ ಇದನ್ನು ಬಸಲಿಂಗನಿಗೆ ಹೇಳಿಕೊಂಡಳು. ಅಷ್ಟು ಹೊತ್ತಿಗೆ ಆರು ತಿಂಗಳಾಗಿತ್ತು. ಅವನ ಟ್ರೇಗೆ ಕೆಂಪು ಬೀಳುವುದು ನಿಂತೇ ಹೋಗಿತ್ತು. ಟೀ ಅಂಗಡಿಯಲ್ಲಿ ಅವನ ಪಕ್ಕದ ಕಲ್ಲು ಅವಳದ್ದೇ ಎಂದು ಎಲ್ಲರಿಗೂ ಗೊತ್ತಾಗಿತ್ತು, ಅವರಿಬ್ಬರಿಗೆ ಬಿಟ್ಟು.

"ಬೆಲ್ಟಿನ ಕವರ್ ಒಳಗ ಆರು ರೋಲರ್ ಇರ್ತಾವ್ರಿ" ಎಂದ ಅವನು. "ಅವನ್ನ ಹಗೂರ ಮಾಡಿದ್ರ ಗಾಡಿ ಏರಿಗೆ ಜಗ್ಗತೈತಿ. ಸಪಾಟ್ ರೋಡಿನ್ಯಾಗ ಸ್ಪೀಡ್ ಚೂರು ಕಡಿಮಿ ಆಗತೈತಿ, ಅಷ್ಟ."

"ಈ ಮಾಡೆಲ್‌ಗೆ ಸಿಗಲ್ಲ ಕಣ್ರೀ. ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯೆಲ್ಲ ಹುಡುಕಿದ್ದಾಯ್ತು."

"ಸಿಗದಿದ್ರ ಏನಾತ್ರಿ? ಹಳೇ ರೋಲರಿನ ಅಳತಿ ಬರದು ಕೊಡ್ರಿ. ಲೇಥ್ ಐತಿ, ನಾ ಅದೀನಿ."

ನಾ ಅದೀನಿ! ಎರಡೇ ಮಾತು. ಅವತ್ತು ಸಂಜೆಯೆಲ್ಲ ಸುಕೃತಿಯ ಕಿವಿಯಲ್ಲಿ ಅದೇ.

*

ಆಯುಧಪೂಜೆಯ ದಿನ ವರ್ಕ್‌ಶಾಪ್ ತೊಳೆದು, ಲೇಥುಗಳಿಗೆಲ್ಲ ಚೆಂಡುಹೂವು, ಬಾಳೆಕಂದು ಕಟ್ಟಿದ್ದರು. ಅವಳು ಹೊರಡುವಾಗ ಬಸಲಿಂಗ ಒಂದು ಕಾಗದದ ಪೊಟ್ಟಣವನ್ನು ಕೈಗಿಟ್ಟ.

"ಮನ್ಯಾಗ ತಗದು ನೋಡ್ರಿ" ಎಂದವನು ಮುಖ ನೋಡದೆ ಒಳಗೆ ಹೋಗಿಬಿಟ್ಟ.

ಗೇಟಿನಲ್ಲಿ ಗೋಪಾಲಪ್ಪ ಪ್ರಸಾದ ಕೊಡುತ್ತಾ, "ವಿಷ್ಯ ಗೊತ್ತೇನಮ್ಮ? ಬಸಲಿಂಗನ್ನ ಆನೇಕಲ್ ಹತ್ರದ ದೊಡ್ಡ ಫ್ಯಾಕ್ಟರಿಯವರು ಕರ್ದವ್ರೆ. ಇನ್ನೂ ಹೂಂ ಅಂದಿಲ್ಲ" ಎಂದರು.

ಆನೇಕಲ್! ಊರಿನ ಆ ತುದಿ! ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ದಿನಾ ಪಕ್ಕದಲ್ಲಿ ಕೂತು ಟೀ ಕುಡಿಯುತ್ತಾನೆ, ಒಂದು ಮಾತು ಹೇಳಬಾರದಿತ್ತೇ?

ಮನೆಗೆ ಬಂದವಳೇ ಪೊಟ್ಟಣ ಬಿಚ್ಚಿದಳು. ಎಣ್ಣೆ ಸವರಿದ ಬಿಳಿ ನೈಲಾನಿನ ಆರು ರೋಲರ್‌ಗಳು. ಒಂದೊಂದರ ಮೇಲೂ... ಒಂದೊಂದು ಕೆಂಪು ಚುಕ್ಕಿ!

'ನನಗೂ ಒಂದ್ ದಿನಾ ಬರತೈತಿ!'

ಓಹೋ... ಇದಾ ಆ ದಿನ? ಹೋಗುವ ಮೊದಲು ನನಗೆ ರಿಜೆಕ್ಟ್ ಮಾಲು ಕೊಟ್ಟು ಹಲ್ಲು ಕಿರಿಯುವುದಾ? ಅಮ್ಮನ ಮಂಡಿ, ನನ್ನ ಸಂಕಟ... ಎಲ್ಲ ಇವನಿಗೆ ತಮಾಷೆಯಾ?

ಕೋಪಕ್ಕೆ ಪೊಟ್ಟಣವನ್ನು ಮಂಚದ ಮೇಲೆ ಎಸೆದಳು. ಕಣ್ಣಲ್ಲಿ ನೀರು ತುಂಬಿತ್ತು. ಚೆಲ್ಲಿದ್ದನ್ನು ಬಾಚಿ ಕಟ್ಟುವಾಗ ಎಣಿಸಲಿಲ್ಲ.

ಹಬ್ಬ ಮುಗಿದು ಕೆಲಸ ಶುರುವಾದ ದಿನ ಅದನ್ನು ಅವನ ಲೇಥಿನ ಮೇಲೆ ಕುಕ್ಕಿದಳು.

"ರಿಜೆಕ್ಟ್ ಮಾಲು ಕೊಡೋಕೆ ನಾನೇ ಬೇಕಾಗಿತ್ತಾ ನಿಮ್ಗೆ?"

ಬಸಲಿಂಗನ ಮುಖ ಬಿಳಿಚಿಕೊಂಡಿತು. "ಅಳದು ನೋಡಿದ್ರೇನ್ರಿ?"

"ಅಳೆಯೋದೇನಿದೆ ಅದ್ರಲ್ಲಿ? ಕೆಂಪು ಕಾಣ್ತಿಲ್ವಾ!"

ಅವನು ಏನೋ ಹೇಳಹೊರಟ. ಆಮೇಲೆ ಬೇಡವೆನಿಸಿತೋ ಏನೋ, ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಮಷೀನು ಶುರು ಮಾಡಿದ. ಅವತ್ತೇ ಸಂಜೆ ಆನೇಕಲ್‌ಗೆ ಫೋನ್ ಮಾಡಿ ಹೂಂ ಎಂದನಂತೆ. ಶನಿವಾರ ಅವನ ಕೊನೆಯ ದಿನ.

*

ಶನಿವಾರ ಸುಕೃತಿ ಹುಷಾರಿಲ್ಲವೆಂದು ಹೇಳಿ ಮನೆಯಲ್ಲೇ ಉಳಿದಳು. ಅವನು ಹೋಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

"ಏನೇ ಇದು, ಮಂಚದ ಕೆಳಗೆ ಬಿದ್ದಿತ್ತು?"

ಕಸ ಗುಡಿಸುತ್ತಿದ್ದ ಅಮ್ಮನ ಅಂಗೈಯಲ್ಲಿ ಒಂದು ರೋಲರ್!

"ಬಿಸಾಕಮ್ಮ ಅದನ್ನ. ಕೆಂಪು ಬಣ್ಣ ನೋಡು, ರಿಜೆಕ್ಟ್ ಪೀಸು."

ಅಮ್ಮ ಬಿಸಾಕಲಿಲ್ಲ. ಟ್ರಂಕಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡಳು. ಬೆಳಕಿಗೆ ಹಿಡಿದು ತಿರುಗಿಸಿದಳು. ಚುಕ್ಕಿಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು.

"ಬಣ್ಣ ಎಲ್ಲಿ ಬಂತೇ ಪೆದ್ದಿ? ಕುಂಕುಮ ಕಣೇ ಇದು! ಎಣ್ಣೆಗೆ ಅಂಟಿಕೊಂಡಿದೆ. ಪೂಜೆಗೆ ಇಟ್ಟಿದ್ದಾರೆ ಯಾರೋ."

ಸುಕೃತಿ ಅಮ್ಮನ ಕೈಯಿಂದ ರೋಲರನ್ನು ಕಸಿದುಕೊಂಡಳು.

ಬ್ಯಾಗಿನಿಂದ ವರ್ನಿಯರ್ ತೆಗೆದು ರೋಲರನ್ನು ಅಳೆದಳು. ತಾನು ಬರೆದುಕೊಟ್ಟಿದ್ದ ಅಳತೆಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನಾಲ್ಕು ವರ್ಷದಲ್ಲಿ ಒಂದೇ ಒಂದು ಮೊಳೆಯನ್ನೂ ಅಳೆಯದೆ ರಿಜೆಕ್ಟ್ ಮಾಡಿದವಳಲ್ಲ ಅವಳು. ಒಬ್ಬ ಮನುಷ್ಯನನ್ನು ಮಾಡಿದ್ದಳು!

"ಅಮ್ಮಾ... ನಾನು ತುಂಬಾ ದೊಡ್ಡ ತಪ್ಪು ಮಾಡ್ಬಿಟ್ಟೆ..."

ಅಮ್ಮ ಭೂತಗನ್ನಡಿಯಿಂದಲೇ ಮಗಳ ಮುಖ ನೋಡಿದಳು. ಏನು ಕಂಡಿತೋ. "ಅಳ್ತಾ ಕೂತ್ರೆ ಸರಿ ಹೋಗುತ್ತಾ? ಗಾಡಿ ಕೀ ಅಲ್ಲೇ ಇದೆ, ಓಡು" ಎಂದಳು.

*

ಬಸಲಿಂಗ ತನ್ನ ಲೇಥನ್ನು ಬಟ್ಟೆಯಿಂದ ಒರೆಸುತ್ತಿದ್ದ. ಚೀಲ ಪಕ್ಕದಲ್ಲಿತ್ತು. ಸುಕೃತಿ ಏದುಸಿರು ಬಿಡುತ್ತಾ ಅಂಗೈ ಚಾಚಿದಳು.

"ಐದು ನಿಮ್ಮ ಹತ್ರ ಇದೆ. ಆರನೇದು ಇಲ್ಲಿದೆ."

ಅವನು ಒರೆಸುವ ಬಟ್ಟೆಯನ್ನು ಕೆಳಗಿಟ್ಟ.

"ಯಾಕ್ರೀ ಹೇಳ್ಲಿಲ್ಲ, ಕುಂಕುಮ ಅಂತ?"

"ಹಬ್ಬಕ್ಕ ಲೇಥಿಗೆ ಹಚ್ಚಿದ್ವಿ, ಸ್ಪ್ಯಾನರಿಗೆ ಹಚ್ಚಿದ್ವಿ. ನಿಮ್ಮ ರೋಲರ್ ಹೆಂಗ್ ಬಿಡಲಿ ಅನಿಸ್ತು, ಹಚ್ಚಿದೆ" ಎಂದ ಅವನು ತಗ್ಗಿದ ದನಿಯಲ್ಲಿ. "ಹೇಳಾಕ ಬಾಯಿ ಬರಲಿಲ್ರಿ. ನೀವು ನನ್ನ ಅಷ್ಟ ಸಣ್ಣವನು ಅಂತ ತಿಳಕೊಂಡ್ರಿ ಅಂದ ಮ್ಯಾಲೆ... ಏನ್ ಹೇಳೂದು?"

"ಬಿಸಿಯಲ್ಲಿ ಅಳ್ದ್‌ಬಿಟ್ಟೆ ಬಸಲಿಂಗ..." ಅವಳ ದನಿ ಒಡೆಯಿತು. "ನೀವು ಆನೇಕಲ್‌ಗೆ ಹೋಗ್ತೀರಿ ಅಂತ ಕೇಳಿ ತಲೆ ಕೆಟ್ಟಿತ್ತು. ತಪ್ಪಾಯ್ತು."

ಅವನು ಅವಳ ಅಂಗೈಯಿಂದ ಆರನೇ ರೋಲರನ್ನು ಎತ್ತಿಕೊಂಡು ಕೇಳಿದ.

"ಈಗ ತಣ್ಣಗಾಗೈತ್ರೇನು?"

"ಹೂಂ."

"ಏನ್ ಬಂತು ಅಳತಿ?"

"ಹಸಿರು" ಎಂದಳು ಸುಕೃತಿ ಅಳುತ್ತಲೇ. "ಪೂರ್ತಿ ಹಸಿರು!"

*

ಮಧ್ಯಾಹ್ನ ಲಗ್ಗೆರೆಯ ಮನೆ ಮುಂದೆ ಮತ್ತೆ ಗೋಣಿಚೀಲ ಹಾಸಿದರು. ಕವರ್ ಬಿಚ್ಚಿ, ಹಳೇ ರೋಲರ್ ತೆಗೆದು, ಆರನ್ನೂ ಕೂರಿಸಿದರು. ನಟ್ಟು ಬಿಗಿದದ್ದು ಅವನು, ಎರಡೆರಡು ಸಲ ಪರೀಕ್ಷಿಸಿದ್ದು ಅವಳು.

ಗಾಡಿಯನ್ನು ಏರಿನ ಬುಡಕ್ಕೆ ಇಳಿಸಿದರು. ಅಮ್ಮ ಹಿಂದೆ ಕೂತು ಮಗಳ ಭುಜ ಹಿಡಿದಳು. ಬಸಲಿಂಗ ಕೆಳಗೇ ಕೈಕಟ್ಟಿ ನಿಂತ.

ಗಿರಣಿ ಹತ್ತಿರ ಬಂತು... ಅಮ್ಮ ಅಭ್ಯಾಸಬಲದಿಂದ ಒಂದು ಕಾಲನ್ನು ಇಳಿಸಲು ಮುಂದಾದಳು. ಗಾಡಿ ನಿಲ್ಲಲೇ ಇಲ್ಲ! ಸದ್ದು ಏರಿಸಿಕೊಂಡು ಗಿರಣಿ ದಾಟಿತು, ಮನೆ ದಾಟಿತು, ತುದಿ ಮುಟ್ಟಿತು.

"ಪಾಪಯ್ಯಾ, ಇವತ್ತು ಇಳೀಲಿಲ್ಲ ಕಣೋ!" ಅಮ್ಮನ ಕೂಗು ಬೀದಿಗೆಲ್ಲ ಕೇಳಿಸಿತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಲಕ್ಷ್ಮಮ್ಮನ ಮನೇಗೆ ಹೋಗೋಣ. ಅದಕ್ಕೆ ಮುಂಚೆ ಅವ್ನನ್ನ ಕರ್ಕೊಂಡ್ ಬಾ, ಊಟ ಮಾಡ್ಕೊಂಡ್ ಹೋಗ್ಲಿ. ಪಾಪ, ಕೆಳಗೇ ನಿಂತಿದ್ದಾನೆ" ಎಂದಳು.

ಸುಕೃತಿ ಅಮ್ಮನನ್ನು ಮನೆ ಮುಂದೆ ಬಿಟ್ಟು, ಏರು ಇಳಿದು ಬಂದು ಅವನ ಮುಂದೆ ಗಾಡಿ ನಿಲ್ಲಿಸಿದಳು. ಅವನು ಅಂಜುತ್ತಾ ಹಿಂದೆ ಕೂತ.

"ಸೋಮವಾರ ಆನೇಕಲ್‌ಗೆ ಹೋಗಾಕಬೇಕ್ರಿ. ಮಾತು ಕೊಟ್ಟೇನಿ."

"ಹೋಗಿ. ಭಾನುವಾರ ಭಾನುವಾರ ಬನ್ನಿ."

ಗಿರಣಿಯ ಹತ್ತಿರ ಗಾಡಿಯ ವೇಗ ತಗ್ಗಿತು. ಅಮ್ಮನಿಗಿಂತ ಇವನ ಭಾರ ಹೆಚ್ಚು.

"ಮೇಡಂ... ನಿಂದ್ರತೈತೋ ಏನೋ. ಇಳೀಲೇನ್ರಿ?"

"ಇಳೀಬೇಡ."

ಬಹುವಚನ ಎಲ್ಲಿ ಬಿದ್ದು ಹೋಯಿತೋ! ಇಬ್ಬರಿಗೂ ಅದು ಕೇಳಿಸಿತು. ಗಾಡಿ ಒಮ್ಮೆ ಕೆಮ್ಮಿ, ಮತ್ತೆ ಜಗ್ಗತೊಡಗಿತು.

"ಎಲ್ಲೀ ತನಕ ಸುಕೃತಿ?"

"ಇಳೀಬೇಡ ಅಂದ್ನಲ್ಲ!"