ಶೇವಂತಿ ಹಾಕಿದ ಗಂಟು

"ಕೈ ತಗಿ! ಹುಡುಗಿ ಕಾಲಿಂದ ಮೊದ್ಲ ಕೈ ತಗಿ!"

ಅಂದಾಕಿನ ಶೇವಂತಿ ಮಗ್ಗದ ಲಾಳಿ ಬೀಸಿ ಒಗದ್ಲು. ಅದು ಪರಮಾನಂದನ ಕಿವಿ ಸವರಿಕೊಂಡು ಹೋಗಿ ಗ್ವಾಡಿಗೆ ಬಡೀತು. ಇನ್ನೊಂದು ಕೂದಲೆಳಿ ಈ ಕಡೆ ಬಂದಿದ್ರ ಕಥಿ ಇಲ್ಲೇ ಮುಗೀತಿತ್ತು, ಎದುರು ಮನ್ಯಾಕಿ ನಾನೂ ರೊಟ್ಟಿ ಬಡ್ಯಾಕ ಹೋಗ್ತಿದ್ದೆ.

ಶೇವಂತಿ ಸಿಟ್ಟಂದ್ರ ಅಂಥಿಂಥಾದ್ದಲ್ಲ. ಬನಹಟ್ಟ್ಯಾಗ ಆಕಿ ಕಣ್ಣು ಕೆಂಪು ಮಾಡಿದ್ರ ಲೋಕಾಪುರದಾಗ ಹಾಲು ಒಡೀತಿತ್ತು.

ಆವಾಗ ನಮ್ಮೂರು ಮುಂಬೈ ರಾಜ್ಯಕ್ಕ ಸೇರಿತ್ತು. ಆ ವರ್ಷ ಬಂದ ಜ್ವರದಾಗ ಐದು ವರ್ಷದ ಬನಶಂಕರಿ ಬಲಗಾಲು ಹಸಿ ಹಗ್ಗದಂಗ ಜೋತುಬಿತ್ತು. ಬನಶಂಕರಿ ಶೇವಂತಿ ಅಕ್ಕನ ಮಗಳು. ಅಕ್ಕ ಸಾಯೂವಾಗ ಕೂಸಿನ್ನ ತಂಗಿ ಉಡ್ಯಾಗ ಹಾಕಿ, ಇದರ ಕಣ್ಣಾಗ ನೀರು ಬರಗೊಡಬ್ಯಾಡ ಅಂದಿದ್ಲು. ಶೇವಂತಿ ಹೂಂ ಅಂದಿದ್ಲು.

ಪರಮಾನಂದ ಹುನ್ನೂರ ಕುರಿ ಕಾಯೋರ ಮಗ. ಮುಂಬೈಗೆ ಹೋಗಿ, ಹಿಂಗ ಕಾಲು ಹೋದ ಹುಡುಗರನ್ನ ತೀಡಿ, ಎಳದು, ಮತ್ತ ನಡಸೂ ವಿದ್ಯಾ ಕಲತು ಬಂದು ರಬಕವ್ಯಾಗ ಇದ್ದ. ಸೂಜಿ ಇಲ್ಲ, ಗುಳಗಿ ಇಲ್ಲ. ಬರೇ ಎರಡು ಕೈ.

"ನರ ಬಿಗದು ಹಿಮ್ಮಡ ಮ್ಯಾಲೆದ್ದೈತ್ರಿ," ಅಂದ ಕಿವಿ ತಿಕ್ಕೊಂತ. "ಈಗ ನೆಟ್ಟಗ ಮಾಡಲಿಲ್ಲಂದ್ರ ಜಲ್ಮೆಲ್ಲ ತೆವಳತಾಳ. ನೀವು ಬೈರಿ. ನಾ ಎಳೀತೇನಿ."

ದಿನಾ ಮುಂಜಾನೆ ರಬಕವಿಯಿಂದ ಸೈಕಲ್ ಮ್ಯಾಲ ಬರಾಂವ. ಕಂಬಳಿ ತುಂಡು ಬಿಸಿನೀರಾಗ ಅದ್ದಿ ಹಿಂಡಿ ಕಾಲಿಗೆ ಸುತ್ತಾಂವ, ಮೆಲ್ಲಕ ಬಗ್ಗಸಾಂವ. ಕಡೀಕ ಕಾಲಿಗೆ ಹಲಗಿ ಇಟ್ಟು ಅರಬಿ ಪಟ್ಟಿ ಬಿಗಿದು, ನಾ ಬರೂತನಕ ಬಿಚ್ಚಬ್ಯಾಡ್ರಿ ಅಂತ ಹೇಳಿ ಹೋಗಾಂವ.

'ಇಷ್ಟು ಮೆತ್ತಗ ಹಿಡಿಯೋ ಕೈ... ಇಷ್ಟು ಯಾಕ ನೋಯಸ್ತಾವು?' ಅಂತ ಶೇವಂತಿ ಆ ಕೈನ ನೋಡ್ತಿದ್ಲು. ನೋಡಿದ್ದಕ್ಕ ತನ್ನ ಮ್ಯಾಲ ತಾನ ಸಿಟ್ಟಾಗ್ತಿದ್ಲು. ಆ ಸಿಟ್ಟು ಮತ್ತ ಅವನ ಮ್ಯಾಲ ಹಾಕ್ತಿದ್ಲು. ಕುರಿಮರಿ ಹಿಡದಂಗ ಹಿಡೀತಾನ, ಇವಂಗ ಮನಶಾರ ಮಕ್ಕಳು ಗೊತ್ತಿಲ್ಲ ಅಂತ ಓಣಿಗೆಲ್ಲ ಕೇಳೂವಂಗ ಅಂತಿದ್ಲು.

ತಿಂಗಳಾತು. ಹಿಮ್ಮಡ ಎಳ್ಳಷ್ಟೂ ನೆಲಕ್ಕ ಇಳೀಲಿಲ್ಲ.

"ಕಲತ ವಿದ್ಯಾ ಎಲ್ಲಿ ಹೋತ್ರಿ? ಸಮುದ್ರದಾಗ ಬಿತ್ತೇನು?" ಅಂತ ಶೇವಂತಿ ಚುಚ್ಚಿದ್ಲು.

ಪರಮಾನಂದ ಹಲಗಿ ಬಿಚ್ಚಾಕ ಹ್ವಾದಾಂವ ಪಟ್ಟಿ ಗಂಟು ನೋಡಿದ. ಸಣ್ಣದು, ಚಪ್ಪಟಿ, ಬೆರಳಿಗೆ ಹತ್ತದಂಥಾದ್ದು. ಕಡದ ಎಳಿ ಕೂಡಸಾಕ ನೇಕಾರರು ಹಾಕೋ ಗಂಟು ಅದು! ಕುರಿ ಕಾಯೋರಿಗೆ ಅದು ಏಳು ಜಲ್ಮಕ್ಕೂ ಬರಾಂಗಿಲ್ಲ.

ಕೂಸು ಅತ್ತ ಕೂಡಲೆ ಶೇವಂತಿ ಹಲಗಿ ಬಿಚ್ಚತಿದ್ಲು, ಮುಂಜಾನೆ ಸೈಕಲ್ ಗಂಟಿ ಕೇಳೂಕಿಂತ ಮೊದ್ಲ ಮತ್ತ ಕಟ್ಟತಿದ್ಲು. ಮನಸು ಸುಳ್ಳು ಹೇಳೂದು ಕಲತಿತ್ತು. ಬೆರಳು ಕಲತಿದ್ದಿಲ್ಲ.

"ಇದು ನಿಮ್ಮ ಗಂಟು," ಅಂದ. ಅವತ್ತ ಮೊದಲ ಸಲ ಅವನ ಸಿಟ್ಟು ಕಂಡಿದ್ದು. "ಜ್ವರ ಅರ್ಧ ಕಾಲು ತಿಂತು. ಉಳದಿದ್ದು ನಿಮ್ಮ ಕನಿಕರ ತಿನ್ನಾಕತ್ತೈತಿ. ನಾಳಿಯಿಂದ ನಾ ಬರಾಂಗಿಲ್ಲ. ಕಟ್ಟಾವ್ರೂ ನೀವ, ಬಿಚ್ಚಾವ್ರೂ ನೀವ."

ಶೇವಂತಿ ಅವನ್ನ ಬಿಟ್ಟು ಅವನ ಸೈಕಲ್ಲಿಗೆ ಬೈದ್ಲು. ಖರೆ ಮಾತಿಗೆ ಏನಂತ ಬೈಯೋದು?

ಮರುದಿನ ಕಂಬಳಿ ತಾನ ಅದ್ದಿದ್ಲು. ಅವ ಮಾಡಿದಂಗ ತೀಡಿದ್ಲು, ಎಳದ್ಲು, ಹಲಗಿ ಕಟ್ಟಿದ್ಲು. ಬಿಚ್ಚಲಿಲ್ಲ. ಕೂಸು ಒದರಿದ ಒದರಾಟಕ್ಕ ಓಣಿ ಮಗ್ಗೆಲ್ಲ ನಿಂತ್ವು. ಬಾಜೂಕಿನವ್ರು ಆಕಿನ್ನ ರಾಕ್ಷಸಿ ಅಂದ್ರು. ಮೂರನೇ ದಿನ ಬನಶಂಕರಿ ಅಂತು, "ನೀ ನಮ್ಮವ್ವ ಅಲ್ಲ."

ಶೇವಂತಿ ಸೆರಗು ಬಾಯಾಗ ತುರಕೊಂಡು ಮಗ್ಗದ ಕುಣ್ಯಾಗ ಕುಂತು ಅತ್ಲು. 'ಅಕ್ಕಾ... ನಿನ್ನ ಮಾತು ಮುರದ್ನಲ್ಲವ್ವಾ...' ಆದ್ರ ಬಿಚ್ಚಲಿಲ್ಲ.

ಒಂಬತ್ತನೇ ಮುಂಜಾನೆ ಕೂಸಿನ್ನ ಗ್ವಾಡಿಗೆ ಆನಿಸಿ ನಿಲ್ಲಿಸಿದ್ಲು. ಹಿಮ್ಮಡ ನೆಲ ಮುಟ್ಟಿತ್ತು!

ಆಕಿಗೆ ಮೊದ್ಲ ಬಂದಿದ್ದು ಸಂತೋಷ ಅಲ್ಲರಿ, ಸಿಟ್ಟು. ಇದನ್ನ ನೋಡಾಕ ಅವ ಇಲ್ಲಲ್ಲ ಅಂತ ಸಿಟ್ಟು. ರಬಕವಿಗೆ ಹೋಗಿ ಕೊಳ್ಳಪಟ್ಟಿ ಹಿಡದ ಕೇಳ್ತೇನಿ ಅಂತ ಕೂಸಿನ್ನ ಬಗಲಾಗ ಎತಗೊಂಡು ಕದ ತಗದ್ಲು.

ಎದುರಿಗೆ ನಮ್ಮ ಕಟ್ಟಿ ಮ್ಯಾಲ ಪರಮಾನಂದ ಕುಂತಿದ್ದ.

"ಎಂಟು ದಿನದಿಂದ ಇಲ್ಲೇ ಅದಾನವ್ವಾ, ನೀನ ಹಣಿಕಿ ನೋಡಿಲ್ಲ," ಅಂದೆ ನಾನು. "ನನ್ನ ಚಾ ಕುಡದು ಕುಡದು ಒಂದು ಬಂಡಿ ಬೆಲ್ಲ ತೀರಸ್ಯಾನ."

ಶೇವಂತಿ ಮಾರಿ ಕೆಂಡ ಆತು. "ಇಲ್ಲೇ ಕುಂತು ಕೇಳಿದಿ? ಕೂಸು ಅಳೂದು ಕೇಳ್ಕೊಂತ ಚಾ ಕುಡದಿ?"

"ಕೂಸಿಂದೂ ಕೇಳಿದೆ. ನಿಂದೂ ಕೇಳಿದೆ." ಅವ ಕಟ್ಟಿ ಇಳದು ಬಂದ. "ಒಳಗ ಬಂದಿದ್ರ... ನಿನ್ನ ಅಳು ನೋಡಿ ಹಲಗಿ ನಾನ ಬಿಚ್ಚತಿದ್ದೆ, ಶೇವಂತಿ."

ಬೈಯಾಕ ತೆರದ ಬಾಯಿ ಹಂಗ ಉಳೀತು. ನಾ ಆಕಿನ್ನ ಬಲ್ಲ ನಲವತ್ತು ವರ್ಷದಾಗ ಆ ಬಾಯಿ ಸುಮ್ನಾಗಿದ್ದು ಅದೊಂದ ಸಲ.

ಕೂಸಿನ್ನ ಕೆಳಗ ಇಳಿಸಿದ್ಲು. ಬನಶಂಕರಿ ಅವನ ಬೆರಳು ಹಿಡೀತು, ಇವಳ ಸೆರಗು ಹಿಡೀತು. ಒಂದು ಹೆಜ್ಜಿ. ಎರಡು. ಮೂರನೇದಕ್ಕ ಕುಂತು, ಇಬ್ರೂ ಕೆಟ್ಟವ್ರು ಅಂತ ಅಳಾಕ ಹತ್ತಿತು.

ಶೇವಂತಿ ಹಲಗಿ, ಪಟ್ಟಿ ತಂದು ಅವನ ಮುಂದ ಒಗದ್ಲು. "ಕಟ್ಟು. ನಾ ಬಿಚ್ಚಾಂಗಿಲ್ಲ."

"ನಿಮ್ಮ ಗಂಟು ಕಲಿಸಿ ಕೊಡು, ಕಟ್ಟತೇನಿ."

"ಅದು ಕಲ್ಯಾಕ ಜಲ್ಮ ಹಿಡೀತದ."

"ಹಿಡೀಲಿ," ಅಂದ.

ಆಕಿ ಸಿಟ್ಟಿನಿಂದಲೇ ಅವನ ಬೆರಳು ಹಿಡದ್ಲು. "ಹಂಗಲ್ಲೋ... ಹಿಂಗ."